ಈರಗನ ಓತಿಯೂ ಹೋದ ಕರೆಂಟೂ

ಒಂದೂರಲ್ಲಿ ಸಾಕವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಈರಗ. ಆಳು ಎತ್ತಿನಷ್ಟು, ಬುದ್ಧಿ ಸಾಸಿವೆಯಷ್ಟು! ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ಅದೇ ಅವ್ವನಿಗೆ ತಲೆನೋವು.

ಮಾಗಿಯ ಚಳಿಯಲ್ಲಿ ಮೇಷ್ಟರ ಮಗಳು ಪ್ರಮೀಳೆ ನೆಂಟರ ಊರಿಗೆ ಹೊರಟಳು. ತಾನು ಸಾಕಿದ ಇಗ್ವಾನವನ್ನು, ಅದೇ ಮೊಳದುದ್ದದ ಹಸಿರು ಓತಿಯನ್ನು, ಗೂಡಿನ ಸಮೇತ ಸಾಕವ್ವನ ಕೈಗೆ ಕೊಟ್ಟಳು.

"ಇದರ ಮೈಗೆ ಸ್ವಂತ ಕಾವಿಲ್ಲ ಸಾಕವ್ವಾ. ಗೂಡಿನೊಳಗೆ ಕಾವು ಕೊಡೋ ಈ ಬಲ್ಬು ಆರಿದರೆ ಜೀವಕ್ಕೇ ಕುತ್ತು!"

ಮಾರನೆಯ ಬೆಳಿಗ್ಗೆಯೇ ಕರೆಂಟು ಹೋಯಿತು. ಓತಿ ಮರಗಟ್ಟಿತು. ಸಾಕವ್ವ ಗೂಡಿನ ಬಳಿ ಓಡಿಬಂದಳು.

"ಲೋ ಈರಗಾ, ಅದರ ಮೇಲೆ ಕಂಬಳಿ ಹಾಕೋ!"

ಈರಗ ಗೂಡಿನ ಮೇಲೆ, ಸೂರಿನ ಬಿದಿರಿಗೆ ಕಂಬಳಿ ಹಾಕಿದ. ಕೆಳಗೆ ಓತಿ ಹಾಗೇ ತಣ್ಣಗೆ!

"ಅಯ್ಯೋ ಪೆದ್ದೇ! ಕಂಬಳಿಯಲ್ಲಿ ಸುತ್ತಬೇಕು ಕಣೋ!"

"ಸರಿ ಅವ್ವಾ, ಇನ್ಮೇಲೆ ಸುತ್ತುತೀನಿ."

ಓತಿಯನ್ನು ಅವ್ವನೇ ಸುತ್ತಿದಳು. ಆದರೂ ಕಾವು ಬೇಕಲ್ಲ? "ಹಂಡೆಯಿಂದ ಬಿಸಿನೀರು ತಾ!" ಅಂದಳು. ಈರಗ ತನ್ನ ಹೆಗಲ ಮೇಲಿದ್ದ ಇನ್ನೊಂದು ಕಂಬಳಿ ಹಾಸಿದ, ಬಿಸಿನೀರು ಸುರಿದ, ಸುತ್ತಿ ತಂದ. ಹಿತ್ತಲಿಂದ ಪಡಸಾಲೆವರೆಗೂ ನೀರೋ ನೀರು!

"ಅಯ್ಯೋ ಪೆದ್ದೇ! ಸ್ಟೀಲ್ ಬಾಟ್ಲಿಗೆ ತುಂಬಿ ಮುಚ್ಚಳ ಬಿಗೀಬೇಕು ಕಣೋ!"

"ಸರಿ ಅವ್ವಾ, ಇನ್ಮೇಲೆ ಬಿಗೀತೀನಿ."

ಹಂಡೆ ಬರಿದಾಗಿತ್ತು, ಅದರ ಒಲೆಯೂ ಆರಿತ್ತು. "ಹೋಟ್ಲಿಂದ ನಾಲ್ಕು ಕೆಂಡ ತಾ!" ಅಂದಳು. ಈರಗ ಕೆಂಡವನ್ನು ಬಾಟ್ಲಿಗೆ ತುಂಬಿದ, ಮುಚ್ಚಳ ಬಿಗಿದ. ಮನೆಗೆ ಬಂದು ಬಗ್ಗಿಸಿದರೆ ಬರೀ ಇದ್ದಿಲು!

"ಅಯ್ಯೋ ಪೆದ್ದೇ! ಆರದ ಹಾಗೆ ಊದುತ್ತಾ ಊದುತ್ತಾ ತರಬೇಕು ಕಣೋ!"

"ಸರಿ ಅವ್ವಾ, ಇನ್ಮೇಲೆ ಊದುತೀನಿ."

ಸಾಕವ್ವನಿಗೆ ಅಳುವೇ ಬಂತು. ಓತಿಯನ್ನೆತ್ತಿ ಸೆರಗಿನೊಳಗೆ, ತನ್ನ ಹೊಟ್ಟೆಗೇ ಅವುಚಿಕೊಂಡಳು. ಅದು ಮೆಲ್ಲಗೆ ಒಂದು ಕಣ್ಣು ಬಿಟ್ಟಿತು. "ಬದುಕಿದೆಯಾ ನನ್ನಪ್ಪಾ! ಈರಗಾ, ಓಡು, ಲೈನ್‌ಮನ್ನನ್ನು ಕರ್ಕೊಂಡು ಬಾ!"

ಈರಗ ಲೈನ್‌ಮನ್ ನಂಜುಂಡಣ್ಣನನ್ನು ಮುಂದೆ ಬಿಟ್ಟುಕೊಂಡು, ದಾರಿಯುದ್ದಕ್ಕೂ ಅವನ ಕತ್ತಿಗೆ ಉಫ್ ಉಫ್ ಅಂತ ಊದುತ್ತಾ ಬಂದ.

"ಏನೋ ಇದು ಚಳಿಯಲ್ಲಿ!"

"ನೀವು ಆರಿಬಿಟ್ಟೀರಿ ಅಂತ ಅಣ್ಣಾ!"

ನಂಜುಂಡಣ್ಣ ಬೈಯುತ್ತಲೇ ಕಂಬ ಹತ್ತಿದ. ಬಲ್ಬು ಝಗ್ಗೆಂದಿತು! ಸಾಕವ್ವ ಓತಿಯನ್ನು ಗೂಡಿಗೆ ಬಿಟ್ಟಳು, ಅದು ಬಾಲ ಆಡಿಸಿತು. ಆಮೇಲೆ ನಂಜುಂಡಣ್ಣನನ್ನು ಒಳಗೆ ಕರೆದು ಕೂರಿಸಿ, ಕಾಫಿ ಕಾಯಿಸಲು ಅಡಿಗೆಮನೆಗೆ ಹೋಗುತ್ತಾ ಅಂದಳು, "ಈರಗಾ, ಇನ್ನು ಕರೆಂಟು ಹೋಗದ ಹಾಗೆ ನೋಡ್ಕೋ!"

ಈರಗ ಎದ್ದ. ಕಿಟಕಿ ಮುಚ್ಚಿದ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿದ. ಬೀದಿ ಬಾಗಿಲಿಗೆ ಅಗುಳಿ ಜಡಿದು, ಬೆನ್ನು ಕೊಟ್ಟು ಕೂತ.

ನಂಜುಂಡಣ್ಣ ಕಾಫಿ ಕುಡಿದು ಎದ್ದ. "ಸರಿಯಪ್ಪಾ, ದಾರಿ ಬಿಡು. ಮನೆಗೆ ಹೋಗ್ತೀನಿ."

"ಊಹೂಂ!" ಅಂದ ಈರಗ. "ಕರೆಂಟು ತಂದವರೇ ನೀವು. ನೀವು ಹೋದರೆ ಅದೂ ನಿಮ್ಮ ಹಿಂದೇನೇ ಹೋಗಿಬಿಡುತ್ತೆ!"