ಹಿಮ್ಮಡಿ ಊರದ ರಾಜಕುಮಾರಿ

ಅದೊಂದು ಸಾಧಾರಣ ಮಂಗಳವಾರ. ಕುಂಬಾರಗೇರಿಯಲ್ಲಿ ದ್ಯಾವನೆಂಬ ತರುಣ ಮಡಕೆಗೆ ಮಣ್ಣು ತುಳಿಯುತ್ತಿದ್ದಾಗ ಡಂಗುರ ಕೇಳಿಸಿತು.

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ತುಂಗವ್ವನಿಗೆ ಎರಡು ತುಂಬಿದೆ. ಇನ್ನೂ ತುದಿಗಾಲಲ್ಲೇ ನಡೆಯುತ್ತಾಳೆ. ಅವಳ ಹಿಮ್ಮಡಿ ನೆಲಕ್ಕೆ ಊರಿಸಬಲ್ಲವರು ಅರಮನೆಗೆ ಬರಲಿ. ಮೊದಲು ಮಹಾರಾಜರ ಮೂರು ಒಗಟು ಬಿಡಿಸಬೇಕು. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಹಿಂದೆ ಒಬ್ಬ ವೈದ್ಯ ಮಗುವಿನ ಕಾಲಿಗೆ ಸೀಸದ ಕಡಗ ಹಾಕಿದ್ದ. ಚರ್ಮ ಸುಲಿದು ಅವಳು ಎಂಟು ದಿನ ಅತ್ತಿದ್ದಳು. ಯೋಚಿಸಲಾರದವನ ಕೈಗೆ ಇನ್ನು ಮಗಳನ್ನು ಕೊಡಲಾರೆನೆಂದು ರಾಜ ಹೊನ್ನರಸ ಈ ಒಗಟುಗಳನ್ನು ಇಟ್ಟಿದ್ದ.

ದ್ಯಾವ ಕಾಲು ತೊಳೆದುಕೊಂಡ.

"ಎಲ್ಲಿಗೋ?" ಎಂದಳು ಅವ್ವ.

"ಅರಮನೆಗೆ."

"ತಲೆ ಹೋಗ್ತದಂತೆ, ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣವ್ವಾ. ಕೆಂಚಿ ನೆನಪಾದಳು."

ಕೆಂಚಿ ಅವನ ತಂಗಿ. ಹೋದ ವರ್ಷ ಜ್ವರದಲ್ಲಿ ತೀರಿಕೊಂಡಿದ್ದಳು. ಅವ್ವ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಮೊದಲನೆಯವನು ಜರತಾರಿ ರುಮಾಲಿನ ಪಂಡಿತ. ರಾಜ ಕೇಳಿದ: "ಹುಟ್ಟಿದಂದಿನಿಂದ ನನ್ನನ್ನು ಹೊತ್ತಿದೆ. ನಾನು ಎಲ್ಲಿ ಬಿದ್ದರೂ ನನಗಿಂತ ಮೊದಲೇ ಅಲ್ಲಿರುತ್ತದೆ. ಏನದು?"

"ತಮ್ಮ ಕೀರ್ತಿ, ಪ್ರಭು!"

ಭಟರು ಪಂಡಿತನನ್ನು ಸೆರೆಮನೆಗೆ ಎಳೆದೊಯ್ದರು. ರುಮಾಲು ಬಾಗಿಲಲ್ಲೇ ಬಿತ್ತು.

ಎರಡನೆಯವನು ಪರವೂರಿನ ವೈದ್ಯ. "ನೆಲ" ಎಂದು ಸರಿಯಾಗಿಯೇ ಹೇಳಿದ. ರಾಜ ಎರಡನೆಯದನ್ನು ಕೇಳಿದ: "ಹತ್ತು ಜನ ಸೇರಿ ಎಸೆಯುತ್ತಾರೆ. ಕಲ್ಲಲ್ಲ, ಆದರೂ ನೋಯುತ್ತದೆ. ಎಸೆದವರ ಕೈಯಲ್ಲಿ ಗುರುತಿಲ್ಲ, ತಗಲಿದವರ ಮೈಯಲ್ಲೂ ಗುರುತಿಲ್ಲ."

"ಶಾಪ" ಎಂದ ವೈದ್ಯ.

"ಶಾಪಕ್ಕೆ ಹತ್ತು ಜನ ಬೇಕಿಲ್ಲ" ಎಂದ ರಾಜ. ವೈದ್ಯನೂ ಸೆರೆಮನೆ ಸೇರಿದ.

"ನೀನು ಯಾರಯ್ಯಾ?" ಎಂದು ರಾಜ ದ್ಯಾವನನ್ನು ಕೇಳಿದ.

"ಮಣ್ಣು ತುಳಿಯೋನು, ಬುದ್ಧಿ."

"ಉಗುರಲ್ಲಿ ಮಣ್ಣು ಕಾಣ್ತಿದೆ. ತಲೆಯೊಳಗೂ ಅದೇ ಇದೆಯೋ ಏನೋ!" ಎಂದ ಮಂತ್ರಿ. ಸಭೆ ಗೊಳ್ಳೆಂದಿತು.

ಅದು ನಿಲ್ಲುವವರೆಗೆ ದ್ಯಾವ ಕಾದ. "ಮೊದಲನೆಯದು ನೆಲವೇ, ಬುದ್ಧಿ. ಎರಡನೆಯದನ್ನ ಈಗ ಎಲ್ಲರೂ ಎಸೆದರಲ್ಲ, ಈ ನಗು."

"ಇದು ನಿನಗೆ ಹೇಗೆ ತಿಳಿಯಿತು?"

"ನಾನೂ ಎಸೆದಿದ್ದೀನಿ. ನನ್ನ ತಂಗೀನೂ ತುದಿಗಾಲಲ್ಲೇ ನಡೀತಿದ್ದಳು. ಬೀದಿ ಹುಡುಗರ ಜೊತೆ ಸೇರಿ ಕೊಕ್ಕರೆ, ಕೊಕ್ಕರೆ ಅಂತಿದ್ದೆ."

ರಾಜನ ದನಿ ಇಳಿಯಿತು. "ಮೂರನೆಯದು. ಹೀಗೆ ಒಂದು ಮಗುವಿನ ಮೇಲೆ ಎಸೆದವರ ನಡುವೆ ಅದಕ್ಕೆ ಬೇಕಾದವನೇ ಇದ್ದ. ಮಗು ದೂರ ಓಡಲಿಲ್ಲ. ನಗುತ್ತ ಅವನ ಕಡೆಗೇ ಬಂತು. ಏಕೆ?"

ದ್ಯಾವ ತಲೆ ತಗ್ಗಿಸಿದ. ಉಗುರಿನ ಮಣ್ಣನ್ನು ಕೆರೆಯತೊಡಗಿದ. ಸೋತನೆಂದುಕೊಂಡು ಭಟ ಅವನ ತೋಳಿಗೆ ಕೈ ಹಾಕಿದ.

"ನಗುವಿನಲ್ಲಿ ಎರಡು ಬಗೆ ಇದೆ ಅಂತ ಅದಕ್ಕೆ ಗೊತ್ತಿಲ್ಲ, ಬುದ್ಧಿ. ಕರೀತಿದ್ದಾನೆ ಅಂದ್ಕೊಂಡಿತು. ಕೆಂಚೀನೂ ಹಾಗೇ ಬಂದಳು."

"ಬಿಡು ಅವನನ್ನು" ಎಂದು ರಾಜ ಭಟನಿಗೆ ಹೇಳಿ ಸಿಂಹಾಸನದಿಂದ ಇಳಿದ. "ಪರದೇಶದ ರಾಯಭಾರಿ ತುಂಗವ್ವನನ್ನು ನೋಡಿ ನಕ್ಕ. ಮರ್ಯಾದೆಗೆಂದು ನಾನೂ ನಕ್ಕೆ. ಅವಳು ನನ್ನ ಮಡಿಲಿಗೆ ಬಂದಳು. ಈ ಒಗಟಿಗೆ ಉತ್ತರ ನನಗೂ ತಿಳಿದಿರಲಿಲ್ಲ."

ಮರುದಿನ ಅರಮನೆಯ ಅಂಗಳದಲ್ಲಿ ದ್ಯಾವ ಹದ ಮಾಡಿದ ಮಣ್ಣನ್ನು ಮಗುವಿನ ಪಾದ ಮುಳುಗುವಷ್ಟು ಹರಡಿದ. "ಕಡಗ ಬೇಡ, ಗದರೋದು ಬೇಡ. ಇದರಲ್ಲಿ ತುದಿಗಾಲು ಹೂತುಹೋಗ್ತದೆ. ನಿಲ್ಲಬೇಕಾದರೆ ಹಿಮ್ಮಡಿ ತಾನಾಗೇ ಇಳೀತದೆ. ಆಮೇಲೆ ಕುಕ್ಕರಗಾಲಲ್ಲಿ ಕೂತು ಪುಟ್ಟ ಮಡಕೆ ಮಾಡಲಿ. ತಿಂಗಳುಗಟ್ಟಲೆ ಹಿಡೀತದೆ."

"ನಿನ್ನ ತಂಗಿಗೂ ನೀನೇ ಮಾಡಿಸಿದೆಯಾ?"

"ಇಲ್ಲ ಬುದ್ಧಿ. ಅಪ್ಪ ಮಾಡಿಸಿದ. ನಾನು ಮಣ್ಣಿನ ಗುಂಡಿ ದಡದಲ್ಲಿ ಕೂತು ನೋಡ್ತಿದ್ದೆ."

ರಾಜ ಪಾದರಕ್ಷೆ ಬಿಟ್ಟು ಮಣ್ಣಿಗಿಳಿದ. ಮಗಳ ಎರಡೂ ಕೈ ಹಿಡಿದುಕೊಂಡ. ಹೀಗೆ ಪ್ರತಿ ಬೆಳಿಗ್ಗೆ ನಡೆಯಿತು.

ಬಹುಮಾನವಾಗಿ ಏನು ಬೇಕೆಂದು ಕೇಳಿದಾಗ ದ್ಯಾವ ಸೆರೆಯಲ್ಲಿದ್ದ ಇಬ್ಬರ ತಲೆ ಉಳಿಸಿಕೊಡಿ ಎಂದ. ರಾಜ ಅವರನ್ನು ಬಿಟ್ಟ. ಅದರ ಮೇಲೆ, ದೊಡ್ಡ ಕೆರೆಯ ಮಣ್ಣು ತೆಗೆಯುವ ಹಕ್ಕನ್ನು ದ್ಯಾವನಿಗೂ ಅವನ ಕೇರಿಗೂ ಬರೆದುಕೊಟ್ಟ.

ಐದನೆಯ ತಿಂಗಳು ತುಂಗವ್ವ ಯಾರ ಕೈಯನ್ನೂ ಹಿಡಿಯದೆ ಅಂಗಳದ ಆ ಮಣ್ಣನ್ನು ದಾಟಿದಳು. ಮಣ್ಣಿನಲ್ಲಿ ಒಂಬತ್ತು ಹೆಜ್ಜೆ ಮೂಡಿದ್ದವು. ಆರರಲ್ಲಿ ಹಿಮ್ಮಡಿ ಇತ್ತು.