ಪಾದೋದಕದ ಗಾಡಿ

ಹೊಳೆದಂಡೆಗೆ ಒಂದು ಮಠ. ಮಠಕ್ಕೊಬ್ಬ ಅಜ್ಜ, ಅಜ್ಜನಿಗೊಬ್ಬ ಶಿಷ್ಯ, ಶಿಷ್ಯನ ಕೈಗೊಂದು ಹಳೆ ಡೀಸೆಲ್ ಕಾರು. ಯಾರೋ ಭಕ್ತರು ಹದಿನಾಲ್ಕು ವರ್ಷ ಓಡಿಸಿ, ಸಾಕಾಗಿ, ಮಠಕ್ಕೆ ಬಿಟ್ಟುಹೋಗಿದ್ದರು. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಅನ್ನುತ್ತಾರಲ್ಲ, ಯಾರೂ ಎಣಿಸಲಿಲ್ಲ.

ಸುತ್ತಲಿನ ಏಳು ಹಳ್ಳಿಗೆ ಅದೊಂದೇ ಕಾರು. ಹೆರಿಗೆಗೂ ಅದೇ, ಎದೆನೋವಿಗೂ ಅದೇ, ಹಾವು ಕಡಿದರೂ ಅದೇ. ದವಾಖಾನೆ ಇಪ್ಪತ್ತೆಂಟು ಕಿಲೋಮೀಟರು.

ಆವತ್ತು ಬೆಳಿಗ್ಗೆ ಶಿಷ್ಯ ಪರುತಯ್ಯ ಬಟ್ಟೆಯ ಗಂಟು ಕಟ್ಟಿಕೊಂಡು ಬಂದು, ಗಾಡಿಯ ಕೀಲಿಕೈಯನ್ನು ಅಜ್ಜಾರ ಮುಂದೆ ಕಟ್ಟೆಯ ಮೇಲೆ ಇಟ್ಟ.

"ನಾ ಹೊಂಟೀನ್ರಿ ಅಜ್ಜಾರ."

"ಎಲ್ಲಿಗೆ?"

"ಗೊತ್ತಿಲ್ರಿ. ಇನ್ನ ಸ್ಟೇರಿಂಗ್ ಮುಟ್ಟೂದಿಲ್ಲ. ದ್ಯಾಮವ್ವನ್ನ ನಾ ಕೊಂದೀನೋ ಇಲ್ಲೋ, ಅದೊಂದು ಹೇಳಿಬಿಡ್ರಿ. ಕೇಳಿಕೊಂಡು ಹೋಗತೀನಿ."

ಅಜ್ಜಾರು ಕೀಲಿಕೈ ಮುಟ್ಟಲಿಲ್ಲ.

"ಬಿಚ್ಚಿ ನೋಡದ ಹ್ಯಾಂಗ ಹೇಳ್ಲೋ? ಪಾನಾ ತಗೊಂಡ ಬಾ. ಒಂದು ಬೋಗುಣಿನೂ ತಾ."

ಪರುತಯ್ಯ ಬೆರಗಾದ. ಕಾವಿ ಉಡುವ ಮುಂಚೆ ಅಜ್ಜಾರು ಇಪ್ಪತ್ತೆರಡು ವರ್ಷ ಹುಬ್ಬಳ್ಳಿಯಲ್ಲಿ ಲಾರಿ ಗ್ಯಾರೇಜಿನ ಮೇಸ್ತ್ರಿ ಆಗಿದ್ದರು, ಅದು ಎಲ್ಲರಿಗೂ ಗೊತ್ತು. ಕಾವಿ ಉಟ್ಟ ಮೇಲೆ ಅವರು ನಟ್ಟು ಬಿಚ್ಚುವ ಪಾನಾ ಮುಟ್ಟಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ದ್ಯಾಮವ್ವ ಮಠದ ಅಡುಗೆಯಾಕೆ. ಹನ್ನೆರಡು ದಿನದ ಹಿಂದೆ ಕಟ್ಟಿಗೆಯ ರಾಶಿಯಿಂದ ಕೊರಡು ಎಳೆಯಲು ಹೋಗಿ ನಾಗರಹಾವಿನಿಂದ ಕಡಿಸಿಕೊಂಡಳು. ಹೊತ್ತು ನೆತ್ತಿಗೇರಿತ್ತು. ಪರುತಯ್ಯ ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಎಂದಿನಂತೆ ಅಜ್ಜಾರ ಪಾದ ಮುಟ್ಟಿ ನಮಸ್ಕರಿಸಿ ಹೊರಟ.

ಹತ್ತನೇ ಕಿಲೋಮೀಟರಿಗೆ, ಎಂಜಿನ್ನಿನ ಕಾವು ತೋರಿಸುವ ಸೂಜಿ ಏರತೊಡಗಿತು. ಪರುತಯ್ಯ ನೋಡಿದ. ನೋಡಿಯೂ ಆಕ್ಸಿಲರೇಟರ್ ತುಳಿದ. ಒಳಗಿರುವುದು ಅಜ್ಜಾರ ನೀರು, ಏನೂ ಆಗೂದಿಲ್ಲ ಅಂದುಕೊಂಡ.

ಅಜ್ಜಾರ ನೀರು ಅಂದರೇನು ಅಂತ ಹೇಳಬೇಕು. ಆ ಮಠದಲ್ಲಿ ದಿನಾ ಬೆಳಿಗ್ಗೆ ಭಕ್ತರು ಅಜ್ಜಾರ ಪಾದಕ್ಕೆ ವಿಭೂತಿ ಹಚ್ಚಿ, ತೊಳೆದು, ಆ ಪಾದೋದಕವನ್ನು ಅಂಗೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಉಳಿದದ್ದನ್ನು ಯಾರೂ ತುಳಿಯಬಾರದು ಅಂತ ಬಿಲ್ವಪತ್ರಿ ಗಿಡದ ಬುಡಕ್ಕೆ ಹಾಕುವುದು ವಾಡಿಕೆ. ಪರುತಯ್ಯ ಹಾಕಿದ್ದು ಗಾಡಿಯ ರೇಡಿಯೇಟರಿಗೆ. ಗಾಡಿ ಓಡುವಾಗ ಪೈಪಿನಲ್ಲಿ ಎಲ್ಲೋ ಹನಿಹನಿ ಸೋರುತ್ತಿತ್ತು, ದಿನಕ್ಕೊಂದು ತಂಬಿಗೆ ಬೇಕೇ ಬೇಕು. ಹಸಿರು ಕೂಲಂಟಿಗೆ ದುಡ್ಡು ಯಾಕೆ ಹಾಕಬೇಕು, ಅಜ್ಜಾರ ನೀರು ಇರುವಾಗ? ಮೂರು ವರ್ಷ ಒಂದು ದಿನ ತಪ್ಪಿಸಲಿಲ್ಲ.

"ಪಾದೋದಕದ ಮ್ಯಾಲ ಓಡೂ ಗಾಡಿ" ಅಂತ ಏಳು ಹಳ್ಳಿಯಲ್ಲೂ ಹೆಸರಾಯಿತು. ಮಂದಿ ಬಾನೆಟ್ಟಿಗೆ ಕೈ ಮುಗಿಯುತ್ತಿದ್ದರು.

ಅಜ್ಜಾರು ದಿನಾ ಕೇಳುವರು, "ಗಾಡಿ ಹ್ಯಾಂಗೈತೋ?"

ಪರುತಯ್ಯ ದಿನಾ ಹೇಳುವನು, "ತುಂಬೇತ್ರಿ."

ಹದಿನೆಂಟನೇ ಕಿಲೋಮೀಟರಿಗೆ ಬಾನೆಟ್ಟಿನಿಂದ ಬುಸ್ ಅಂತ ಹಬೆ ಎದ್ದಿತು. ಗಡಿಬಿಡಿಯಲ್ಲಿ ಮುಚ್ಚಳ ತಿರುವಲು ಹೋಗಿ ಪರುತಯ್ಯ ಮೊಳಕೈವರೆಗೆ ಸುಟ್ಟುಕೊಂಡ. ಅಂಬುಲೆನ್ಸಿಗೆ ಫೋನ್ ಮಾಡಿದ, ಅದು ಬೇರೆ ಯಾವುದೋ ಊರಿನ ದಾರಿಯಲ್ಲಿತ್ತು. ದ್ಯಾಮವ್ವನ ಮಗ ಯಮನಪ್ಪನಿಗೆ ಮಾಡಿದ, ಅವನು ದೂರದ ಹೊಲದಲ್ಲಿದ್ದ. ಸುಡುಬಿಸಿಲಿನ ರಸ್ತೆ, ನರಪಿಳ್ಳೆ ಇಲ್ಲ.

"ತಮ್ಮಾ, ಕಣ್ಣರೆಪ್ಪಿ ಎತ್ತಾಕ ಆಗವಲ್ದೋ" ಅಂದಳು ದ್ಯಾಮವ್ವ.

ಸ್ವಲ್ಪ ಹೊತ್ತಿನ ಮೇಲೆ ಅಂದಳು, "ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೀನಿ. ಉಕ್ಕತೈತಿ, ಯಾರಿಗರ ಹೇಳೋ."

ಆಮೇಲೆ ಮಾತಾಡಲಿಲ್ಲ.

ಯಮನಪ್ಪ ಟ್ರ್ಯಾಕ್ಟರ್ ತಂದಾಗ ಎಲ್ಲ ಮುಗಿದಿತ್ತು. ಅವ್ವನನ್ನು ಟ್ರೇಲರಿನಲ್ಲಿ ಮಲಗಿಸಿದ, ಗಾಡಿಯನ್ನು ಹಗ್ಗ ಹಾಕಿ ಹಿಂದೆ ಕಟ್ಟಿದ. ಅವನು ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದ.

"ಸೂಜಿ ಕಾಣಲಿಲ್ಲೇನು ನಿನಗ?"

ಆ ಒಂದು ಮಾತೇ ಹನ್ನೆರಡು ದಿನದ ಮೇಲೆ ಪರುತಯ್ಯನ ಕೈಗೆ ಬಟ್ಟೆಯ ಗಂಟು ಕೊಟ್ಟಿತ್ತು.

ಅಜ್ಜಾರು ಕಾವಿ ಎತ್ತಿ ಕಟ್ಟಿಕೊಂಡು ಗಾಡಿಯ ಕೆಳಗೆ ಹೊಕ್ಕರು. ಮೊದಲು ಎಂಜಿನ್ ಎಣ್ಣೆ ಇಳಿಸಿದರು. ಬೋಗುಣಿಗೆ ಡಾಂಬರಿನ ಹಾಗೆ ಕಪ್ಪಗೆ ಬಿತ್ತು.

ಪರುತಯ್ಯ ಹಣೆ ಹಣೆ ಬಡಿದುಕೊಂಡ. "ಅಯ್ಯೋ ಶಿವನೇ! ಇದನ್ನೂ ಕೆಡಿಸಿ ಇಟ್ಟೀನಿ!"

"ಯಾವಾಗ ಹಾಕಿದ್ದಿ?"

"ಮೊನ್ನಿ ದಸರಾ ಖಂಡೇ ಪೂಜಿಗೆ. ವರ್ಷಾ ತಪ್ಪಸೂದಿಲ್ರಿ."

"ಹಂಗಾದ್ರ ಸುಮ್ನಿರು. ಡೀಸೆಲ್ ಗಾಡಿ ಎಣ್ಣಿ ಹಾಕಿದ ನಾಕ ದಿನಕ್ಕ ಕರ್ರಗ ಆಗತೈತಿ. ಮಸಿ ತನ್ನ ಮ್ಯಾಲ ತಗೊಳ್ಳೂದ ಅದರ ಕೆಲಸ. ಮಾಡದ ತಪ್ಪು ಹೊತಗೊಂಡು ಮಾಡಿದ ತಪ್ಪು ಮುಚ್ಚಬ್ಯಾಡ."

ಆಮೇಲೆ ಬ್ರೇಕ್ ಆಯಿಲ್. ಸಣ್ಣ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಹಳೇ ಚಹಾದ ಬಣ್ಣ.

"ಇದು?"

"ಅದು ಗೆರಿಗಿಂತ ಕೆಳಗ ಇಳದೇ ಇಲ್ರಿ. ತುಂಬೇ ಇತ್ತು. ಅದಕ್ಕ ಮುಟ್ಟಿಲ್ಲ."

"ಗಾಳ್ಯಾಗಿನ ತೇವಾ ಹೀರಕೊಂಡೈತಿ. ಒಂದಿನ ಇಳಿಜಾರಿನ್ಯಾಗ ಕಾದು ಕುದ್ದಿತ್ತಂದ್ರ, ನೀ ಬ್ರೇಕ್ ತುಳೀತಿದ್ದಿ, ಕಾಲು ಖಾಲಿ ಹೋಗತಿತ್ತು."

ಪರುತಯ್ಯ ಹಿಂದಿನ ಸೀಟಿನ ಕಡೆ ನೋಡಿದ. "ಇದರಾಗ ಬಸರಿ ಹೆಂಗಸರನ್ನ ಕರಕೊಂಡ ಹೋಗೀನ್ರಿ ಅಜ್ಜಾರ."

"ಹೂಂ. ಹೋಗೀದಿ."

ಅಷ್ಟೇ. ಸಮಾಧಾನದ ಒಂದು ಮಾತಿಲ್ಲ. ಪರುತಯ್ಯನಿಗೆ ಒಳಗೊಳಗೇ ಸಿಟ್ಟು ಬಂತು. ಗುರು ಅಂದಮೇಲೆ ಬೆನ್ನ ಮೇಲೆ ಒಂದು ಕೈ ಇಡಬೇಕೋ ಬೇಡವೋ?

ಕೊನೆಗೆ ರೇಡಿಯೇಟರು. ಅಜ್ಜಾರು ಬುಡದ ತಿರುಪು ಬಿಚ್ಚಿದರು. ಒಂದು ಹನಿ ಬರಲಿಲ್ಲ.

"ಖಾಲಿ ಐತೇನ್ರಿ?"

"ಮ್ಯಾಲ ನೋಡು."

ಪರುತಯ್ಯ ಮೇಲಿನ ಮುಚ್ಚಳ ತೆಗೆದು ಇಣುಕಿದ. ಆವತ್ತು ಗಾಡಿಯನ್ನು ಮಠಕ್ಕೆ ಎಳೆದು ತಂದ ಮೇಲೆ, ಹೊಳೆಯಿಂದ ತಂದು ಸುರಿದ ನೀರು ಕಂಠಮಟ ನಿಂತಿತ್ತು.

"ತುಂಬೇತ್ರಿ" ಅಂದ. ಅಂದವನೇ ನಾಲಿಗೆ ಕಚ್ಚಿಕೊಂಡ.

ಅಜ್ಜಾರು ಒಂದು ತಂತಿ ಕೊಟ್ಟರು. "ಕೆಳಗಿಂದ ತಿವಿ."

ತಿವಿದ. ಬಂದದ್ದು ನೀರಲ್ಲ, ಬೂದು ಬಣ್ಣದ ಕೆಸರು. ಪಚಕ್ ಪಚಕ್ ಅಂತ ಬೋಗುಣಿಗೆ ಬಿತ್ತು. ಪರುತಯ್ಯ ಬೆರಳಿಗೆ ಹಚ್ಚಿ ಉಜ್ಜಿ ನೋಡಿದ. ಸವಳು ನೀರಿನ ಸುಣ್ಣ ಇತ್ತು, ಕಬ್ಬಿಣದ ತುಕ್ಕು ಇತ್ತು. ಎರಡನ್ನೂ ಕಲಸಿ ಗಾರೆ ಮಾಡಿದ್ದು ನುಣ್ಣನೆ ಬೂದಿ. ದಿನಾ ಭಕ್ತರು ಅಜ್ಜಾರ ಪಾದಕ್ಕೆ ಹಚ್ಚಿದ ವಿಭೂತಿ, ದಿನಾ ಅವನೇ ತಂಬಿಗೆಯಲ್ಲಿ ತಂದು ಸುರಿದದ್ದು.

ಬೆರಳನ್ನು ಅಂಗಿಗೆ ಒರೆಸಿದ, ಬೂದಿ ಹೋಗಲಿಲ್ಲ.

"ನಾನ ಕೊಂದೀನಿ" ಅಂದ. "ಹೌದಲ್ರಿ ಅಜ್ಜಾರ? ಬಾಯಿ ಬಿಟ್ಟು ಹೇಳ್ರಿ."

ಅಜ್ಜಾರು ಎಡಗೈಯಿಂದ ಹಣೆಯ ಮೇಲಿನ ವಿಭೂತಿ ಒರೆಸಿಕೊಂಡರು. ಬಲಗೈಯ ಮೂರು ಬೆರಳನ್ನು ಬೋಗುಣಿಯ ಕೆಸರಿಗೆ ಅದ್ದಿ, ಅದೇ ಜಾಗಕ್ಕೆ ಮೂರು ಗೆರೆ ಬಳಿದುಕೊಂಡರು.

"ಅಜ್ಜಾರ! ಏನ ಮಾಡಾಕತ್ತೀರಿ?"

"ನೀ ಮೊದಲನೇ ದಿನಾ ತಂಬಿಗಿ ತಂದು ಇದರಾಗ ಸುರಿದ್ಯಲ್ಲ, ಅವತ್ತ ನಾ ಕಟ್ಟಿ ಮ್ಯಾಲ ಕುಂತಿದ್ನಿ. ನೋಡಿದ್ನಿ."

ಪರುತಯ್ಯ ತಂತಿ ಕೆಳಗೆ ಇಟ್ಟ.

"ಇದು ಹಿಂಗಾಗತೈತಿ ಅಂತ ನಿಮಗ ಗೊತ್ತಿತ್ತ?"

"ಇಪ್ಪತ್ತೆರಡು ವರ್ಷ ಗಾಡಿ ಬಿಚ್ಚಿದಾಂವ ನಾನು. ಗೊತ್ತಿಲ್ಲಂದ್ರ ಹ್ಯಾಂಗ?"

"ಮತ್ತ ಬ್ಯಾಡ ಅನ್ನಲಿಲ್ಲ ಯಾಕ?"

"ನನ್ನ ಕಾಲು ತೊಳದ ನೀರಿನ ಮ್ಯಾಲ ಗಾಡಿ ಓಡತೈತಿ ಅಂತ ಮಂದಿ ಅಂದ್ರು. ಕಿವಿಗೆ ಹಿತಾ ಆತು. ನಾಳೆ ಹೇಳಿದ್ರಾತು ಅಂದೆ. ಮೂರು ವರ್ಷ ನಾಳೆ ಅಂದೆ."

ಅಜ್ಜಾರ ಮುಂದೆ ಪರುತಯ್ಯ ಎಂದೂ ದನಿ ಎತ್ತಿದವನಲ್ಲ. ಆವತ್ತು ಎತ್ತಿದ.

"ದಿನಾ ಕೇಳತಿದ್ರಲ್ರಿ! ಗಾಡಿ ಹ್ಯಾಂಗೈತೋ, ಗಾಡಿ ಹ್ಯಾಂಗೈತೋ ಅಂತ ದಿನಾ ಕೇಳತಿದ್ರಿ!"

"ಕೇಳತಿದ್ನಿ. ಉತ್ತರ ಬೇಕಾಗಿರಲಿಲ್ಲ."

"ಒಂದ ಮಾತು ಹೇಳಿದ್ರ ಆ ಮುದುಕಿ ಇವತ್ತ ಒಳಗ ರೊಟ್ಟಿ ಬಡೀತಿದ್ಲು!"

"ಹೌದು."

ವಿಧಿ ಅನ್ನಲಿ, ಶಿವನಿಚ್ಛೆ ಅನ್ನಲಿ, ಏನಾದರೂ ಅನ್ನಲಿ ಅಂತ ಪರುತಯ್ಯ ಕಾದ. ಅಂದಿದ್ದರೆ ಪಕ್ಕದಲ್ಲಿದ್ದ ಪಾನಾ ಬೀಸಿಬಿಡುತ್ತಿದ್ದನೋ ಏನೋ. ಅಜ್ಜಾರು ಏನೂ ಅನ್ನಲಿಲ್ಲ. ಪರುತಯ್ಯ ಚಕ್ರಕ್ಕೆ ತಲೆ ಕೊಟ್ಟು ಅತ್ತ, ಬಿಕ್ಕಿ ಬಿಕ್ಕಿ ಅತ್ತ.

ಅತ್ತು ಮುಗಿದ ಮೇಲೆ ಕೇಳಿದ, "ನಿಲ್ಲಸದ ಹಂಗ ಓಡಿಸಿದ್ರ ದವಾಖಾನಿ ಮುಟ್ಟತಿದ್ದೆನೇನ್ರಿ?"

"ಇಲ್ಲ. ಎಂಜಿನ್ ಕಾದು ಹಿಡಕೊಂಡು ನಿಂತಬಿಡತಿತ್ತು. ಆದ್ರ ಸೂಜಿ ಏರಿದಾಗ, ಹತ್ತನೇ ಕಿಲೋಮೀಟರಿಗೇ ನಿಂತು, ಆಗ ಯಮನಪ್ಪಗ ಫೋನ್ ಮಾಡಿದ್ರ ಮುಟ್ಟತಿದ್ಲೋ ಏನೋ."

ಪರುತಯ್ಯ ಸುಟ್ಟ ಕೈಯನ್ನು ನೋಡಿಕೊಂಡ.

"ಅದು ನಿಂದು" ಅಂದರು ಅಜ್ಜಾರು. "ಮೂರು ವರ್ಷದ್ದು ನಂದು. ಏಳು, ಪೈಪು ಬಿಚ್ಚು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಆ ಒಲೆ ಎರಡು ದಿನ ಉರಿಯಿತು.

ರೇಡಿಯೇಟರ್ ಇಳಿಸಿ, ತಂತಿ ಹಾಕಿ, ಒಂದೊಂದೇ ಸಂದು ಬಿಡಿಸಿದರು. ತಿಳಿನೀರು ಹೊರಗೆ ಬರುವವರೆಗೆ ಎಂಜಿನ್ ತೊಳೆದರು. ಸೋರುವ ಪೈಪು ಬದಲಿಸಿದರು. ಪೇಟೆಯಿಂದ ಹಸಿರು ಕೂಲಂಟ್ ತರಿಸಿ, ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಬೆರೆಸಿ ತುಂಬಿದರು. ಎಂಜಿನ್ ಚಾಲೂ ಮಾಡಿ, ಒಳಗೆ ಸಿಕ್ಕಿದ ಗಾಳಿ ಗುಳುಗುಳು ಅಂತ ಹೊರಡುವವರೆಗೆ ಕಾದು, ಮತ್ತೆ ತುಂಬಿದರು.

ಬ್ರೇಕಿನ ಹಳೇ ಆಯಿಲ್ ಹೊರಹಾಕಿ ಹೊಸದು ತುಂಬುವುದು ಒಬ್ಬರಿಂದ ಆಗುವ ಕೆಲಸವಲ್ಲ. ಪರುತಯ್ಯ ಒಳಗೆ ಕೂತ, ಅಜ್ಜಾರು ಚಕ್ರದ ಹತ್ತಿರ ಮಲಗಿದರು.

"ತುಳಿ."

"ತುಳದೀನ್ರಿ."

"ಹಿಡಿ. ಬಿಡಬ್ಯಾಡ."

"ಹಿಡದೀನ್ರಿ."

"ಈಗ ಬಿಡು."

ನಾಲ್ಕು ಚಕ್ರ, ಒಂದೊಂದಕ್ಕೂ ಹತ್ತತ್ತು ಸಲ. ಕೆಸರಿನ ಗೆರೆ ಅಜ್ಜಾರ ಹಣೆಯ ಮೇಲೆ ಒಣಗಿತು. ಅವರು ತೊಳೆಯಲಿಲ್ಲ.

ಮೂರನೇ ದಿನ ಬೆಳಿಗ್ಗೆ ಪರುತಯ್ಯ ಮತ್ತೆ ಗಂಟು ಎತ್ತಿಕೊಂಡ.

"ಕೆಲಸ ಮುಗೀತ್ರಿ. ಕೇಳಿದ್ದಕ್ಕ ಉತ್ತರಾನೂ ಸಿಕ್ತು. ಇನ್ನ ಹೊಂಟೆ."

ಅಜ್ಜಾರು ತಡೆಯಲಿಲ್ಲ.

ಅಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಯಮನಪ್ಪ. ಟ್ರೇಲರಿನಲ್ಲಿ ಅವನ ಅಪ್ಪ ಭೀಮಪ್ಪ, ದ್ಯಾಮವ್ವನ ಗಂಡ, ಒಂದು ಪಕ್ಕಕ್ಕೆ ವಾಲಿಕೊಂಡು ಬಿದ್ದಿದ್ದ.

"ಈಗ, ಹಲ್ಲು ತಿಕ್ಕೂ ಮುಂದ ಬಿದ್ದಾನ್ರಿ" ಅಂದ ಯಮನಪ್ಪ, ಅಜ್ಜಾರಿಗೆ. "ಬಲಗೈ ಎತ್ತವಲ್ಲ. ಬಾಯಿ ಸೊಟ್ಟ ಆಗೇತಿ. ಟ್ರ್ಯಾಕ್ಟರಿನ್ಯಾಗ ಹೋದ್ರ ಹೊತ್ತಾಗತೈತಿ. ಅಂಬುಲೆನ್ಸ್ ಬರಾಕ ಇನ್ನೂ ತಾಸು ಬೇಕಂತ."

ಗಾಡಿಯ ಕಡೆ ನೋಡಿದ. ಪರುತಯ್ಯನ ಕಡೆ ನೋಡಲಿಲ್ಲ.

"ಓಡತೈತೇನ್ರಿ ಇದು?"

"ಅವನ್ನ ಕೇಳು."

ಯಮನಪ್ಪ ತಿರುಗಿದ. ಹದಿನೈದು ದಿನದಲ್ಲಿ ಮೊದಲ ಸಲ ಇಬ್ಬರ ಕಣ್ಣೂ ಕೂಡಿದವು.

'ತುಂಬೇತಿ' ಅನ್ನುವ ಮಾತು ಪರುತಯ್ಯನ ಬಾಯಿಯವರೆಗೆ ಬಂತು. ನುಂಗಿಕೊಂಡ.

"ಬಿಚ್ಚಿ ತೊಳದೀನಿ. ಎಲ್ಲಾ ಹೊಸಾದು ಹಾಕೀನಿ. ನಿನ್ನಿ ಹತ್ತು ಕಿಲೋಮೀಟರ್ ಓಡಿಸಿ ನೋಡೀನಿ, ಸೂಜಿ ಏರಲಿಲ್ಲ. ಅದರ ಮುಂದಿಂದು ನನಗ ಗೊತ್ತಿಲ್ಲ ಯಮನಪ್ಪ."

ಯಮನಪ್ಪನಿಗೆ ಬೇರೆ ದಾರಿ ಇರಲಿಲ್ಲ. ಅಪ್ಪನನ್ನು ಎರಡೂ ಕೈಯಲ್ಲಿ ಎತ್ತಿ ತಂದ. ಹಿಂದಿನ ಬಾಗಿಲು ತೆಗೆದು ಒಂದು ಗಳಿಗೆ ನಿಂತ. ಅವ್ವ ಮಲಗಿದ ಸೀಟು ಅದು. ಆಮೇಲೆ ಹತ್ತಿ ಕೂತು, ಅಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

ಕೀಲಿಕೈ ಎರಡು ದಿನದ ಹಿಂದೆ ಇಟ್ಟಲ್ಲೇ, ಕಟ್ಟೆಯ ಮೇಲಿತ್ತು. ಕೆಲಸದ ಹೊತ್ತಿಗೆ ಎತ್ತಿಕೊಂಡರೂ ಪರುತಯ್ಯ ಸಂಜೆ ಮತ್ತೆ ಅಲ್ಲೇ ತಂದು ಇಡುತ್ತಿದ್ದ. ಈಗ ಗಂಟನ್ನು ಕೆಳಗೆ ಹಾಕಿ ಅದನ್ನು ಎತ್ತಿಕೊಂಡ. ಗಾಡಿಯ ಕಡೆ ಎರಡು ಹೆಜ್ಜೆ ಇಟ್ಟವನು, ಎಂದಿನ ರೂಢಿಯಂತೆ, ತಿರುಗಿ ಬಂದು ಅಜ್ಜಾರ ಪಾದಕ್ಕೆ ಬಾಗಿದ.

ಅಜ್ಜಾರು ಎರಡೂ ಪಾದವನ್ನು ಕಾವಿ ಒಳಗೆ ಎಳೆದುಕೊಂಡರು.

"ಕಾಲು ಬಿಡೋ. ಸೂಜಿ ನೋಡು."