ಬೀದಿಮರಿಯ ರಾಜವಂಶ

ಸಾಹುಕಾರ ವೀರಭದ್ರಪ್ಪನವರು ಇನ್ನೊಂದು ಜಾತಿನಾಯಿಯ ಮರಿ ಕೊಳ್ಳಬೇಕೆಂದಿದ್ದರು. ಮರಿಯ ತಳಿ ಶುದ್ಧವೆಂದು ಬರೆದುಕೊಡುವ ಶ್ವಾನಸಂಘಗಳು ಊರಲ್ಲಿ ಎರಡಿದ್ದವು; ಒಂದು ಸಂಘ ತನ್ನ ಕಾಗದಕ್ಕೆ ಬಂಗಾರದ ಮೊಹರು ಒತ್ತುತ್ತಿತ್ತು.

"ಯಾವ ಸಂಘದ ಕಾಗದ ಖರೇ, ತಿಳಕೊಂಡು ಬಾ. ತಪ್ಪಿದರ ನಿನ್ನ ಕೆಲಸ ಹೋತು," ಎಂದು ಡ್ರೈವರ್ ದ್ಯಾಮಣ್ಣನಿಗೆ ಗದರಿದರು.

ದ್ಯಾಮಣ್ಣ ಚಹಾ ಅಂಗಡಿಯ ಮುಂದಿದ್ದ ಬೀದಿಮರಿಯನ್ನು ಎತ್ತಿಕೊಂಡು ಎರಡೂ ಸಂಘಗಳಿಗೆ ಹೋದ. ಅದಕ್ಕೆ ಯಾವ ತಳಿಯೂ ಇಲ್ಲವೆಂದು ತಿಳಿದೇ ತಳಿಯ ಕಾಗದ ಕೇಳಿದ.

ಸಂಜೆ ಮರಿಯೊಂದಿಗೆ ಮರಳಿ ಹೇಳಿದ: "ಸಾಹುಕಾರ್ರೇ, ಒಂದು ಸಂಘದವರು ಬೈದು ಹೊರಗ ಹಾಕಿದರು. ಅವರನ್ನ ನಂಬ್ರಿ."

"ಮತ್ತ ಆ ಬಂಗಾರದ ಮೊಹರಿನವರು?"

"ಕೂತಲ್ಲೇ ಇದಕ್ಕ ರಾಜವಂಶ ಅಂತ ಬರೆದುಕೊಟ್ಟರ್ರೀ!"

ಸಾಹುಕಾರರ ಮುಖ ಸಪ್ಪಗಾಯಿತು. ಅವರ ಕಾಲಬಳಿ ಮಲಗಿದ್ದ ಹಳೆಯ ನಾಯಿಯ ಕಾಗದಕ್ಕೂ ಅದೇ ಬಂಗಾರದ ಮೊಹರಿತ್ತು.

ದ್ಯಾಮಣ್ಣ ಮರಿಯನ್ನು ಅದರ ಪಕ್ಕದಲ್ಲಿ ಇಳಿಸಿದ.

"ಇಲ್ಲೇ ಇರಲಿ ಬಿಡ್ರಿ. ಹೆಂಗೂ ಸಂಬಂಧಿಕರು!"